ಅಡಿಕೆ ಸುಲಿಯುವವರ ಕನ್ನಡಕಕ್ಕೆ 61 ದಾನಿಗಳು: ನನ್ನ ಅನುಭವ

"ಕನ್ನಡಕಕ್ಕೆಲ್ಲ ಯಾರೂ ದುಡ್ಡು ಕೊಡುವುದಿಲ್ಲ, ಶಾಲೆಗೆ ಬೆಂಚು ಅಂತ ಕೇಳು, ಹೆಸರು ಬರೆಸೋಕೆ ಜಾಗ ಇರುತ್ತೆ" ಅಂತ ಶಿರಸಿಯಲ್ಲಿ ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಈಗ ಬೆಂಗಳೂರು, ಪುಣೆ, ಮಸ್ಕತ್ ಸೇರಿ 61 ಜನ ತಿಂಗಳು ತಿಂಗಳು ಕೊಡುತ್ತಿದ್ದಾರೆ. ಹೆಚ್ಚುಕಡಿಮೆ 30 ಸಾವಿರ ಬರುತ್ತದೆ.

ಶುರುವಿಗೆ ಪೆಟ್ಟು ತಿಂದಿದ್ದೇ ಜಾಸ್ತಿ. ಮೊದಲ ವರ್ಷ ಎರಡು ಶಾಲೆಗೆ ನೋಟ್‌ಬುಕ್ ಕೊಡಿಸಿದೆ, ಸುಮಾರು 40 ಸಾವಿರ. ಜುಲೈನಲ್ಲಿ ಹೋಗಿ ನೋಡಿದರೆ ಒಂದೊಂದು ಮಗುವಿನ ಚೀಲದಲ್ಲೂ ಮೂರು ಮೂರು ಸಂಘದವರ ನೋಟ್‌ಬುಕ್. ಆಮೇಲೆ ಒಬ್ಬ ದಾನಿಯಿಂದ ಒಂದು ಹೊಲಿಗೆ ತರಬೇತಿ ಸಂಸ್ಥೆಗೆ ಹಣ ಕೊಡಿಸಿದೆ. ಫೋಟೋಗಳು ಬಹಳ ಚೆಂದ ಇದ್ದವು. ಒಂದು ಮಂಗಳವಾರ ಹೇಳದೆ ಕೇಳದೆ ಹೋದೆ. ಮಷಿನ್‌ಗಳ ಪ್ಲಾಸ್ಟಿಕ್ ಹೊದಿಕೆಯನ್ನೇ ತೆಗೆದಿರಲಿಲ್ಲ. ದಾನಿಗೆ ಅವತ್ತೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಇವತ್ತಿಗೂ ಬಿಟ್ಟು ಹೋಗಿಲ್ಲ.

ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆಯ ಕಾನೂನಿನ ವಿಷಯದಲ್ಲೂ ಎಡವಿದೆ. ಅಮೆರಿಕದ ಪೌರತ್ವ ತಗೊಂಡ ಭಾವ ಕಳಿಸಿದ ಹಣ, ಆ ಕಾನೂನಿನಡಿ ನೋಂದಣಿ ಇಲ್ಲದ ಸಂಸ್ಥೆಯ ಖಾತೆಗೆ ಬಂದು ಕೂತಿತು. ವಾಪಸ್ ಕಳಿಸುವಷ್ಟರಲ್ಲಿ ಎರಡು ತಿಂಗಳು ಓಡಾಟ, ನಾಲ್ಕು ಸಾವಿರ ಖರ್ಚು. ಮಸ್ಕತ್‌ನಲ್ಲಿರುವ ತಮ್ಮನದು ಭಾರತದ ಪಾಸ್‌ಪೋರ್ಟ್, ಸ್ವಂತ ದುಡಿಮೆಯ ಹಣ, ಬ್ಯಾಂಕ್ ಮೂಲಕವೇ ಕಳಿಸುತ್ತಾನೆ. ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಒಸಿಐ ಕಾರ್ಡಿನವರು, ಅಂದರೆ ಬೇರೆ ದೇಶದ ಪೌರತ್ವ ಇರುವ ಭಾರತ ಮೂಲದವರು, ವಿದೇಶಿಯರ ಲೆಕ್ಕವೇ. ಈಗ ಪಾಸ್‌ಪೋರ್ಟ್ ಯಾವುದು ಅಂತ ಕೇಳಿದ ಮೇಲೇ ಮುಂದಿನ ಮಾತು.

ಕನ್ನಡಕದ ಯೋಚನೆ ಹುಟ್ಟಿದ್ದು ದೊಡ್ಡಮ್ಮನ ಮನೆಯ ಅಂಗಳದಲ್ಲಿ. ರಾತ್ರಿ ಬಲ್ಬಿನ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಏಳೆಂಟು ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಒಬ್ಬರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. "ಅಮ್ಮಾ, ಅಡಿಕೆ ಯಾವ್ದು ಬೆರಳು ಯಾವ್ದು ಕಾಣೂದಿಲ್ಲ" ಅಂದರು. ವಯಸ್ಸು ಐವತ್ತರ ಹತ್ತಿರ. ಸುಲಿದಷ್ಟಕ್ಕೆ ಕೂಲಿ. ಅಸ್ಸಾಂನ ಚಹಾ ತೋಟದಲ್ಲಿ 40 ದಾಟಿದ ಕೂಲಿಯವರಿಗೆ ಹತ್ತಿರದ ದೃಷ್ಟಿಯ ಕನ್ನಡಕ ಕೊಟ್ಟು ಅಳೆದ ಅಧ್ಯಯನ 2018ರಲ್ಲಿ ಬಂದಿತ್ತು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಸಿಕ್ಕವರ ಕೊಯ್ಲು ಶೇ 22ರಷ್ಟು ಜಾಸ್ತಿಯಾಗಿತ್ತು. ಎಲೆ ಕೊಯ್ಯುವವರಿಗೆ ಆದದ್ದು ಅಡಿಕೆ ಸುಲಿಯುವವರಿಗೂ ಆಗಬೇಕಲ್ವಾ?

ನಾನೇ ಕನ್ನಡಕ ಕೊಂಡು ಹಂಚಲಿಲ್ಲ. ಊರೂರಿಗೆ ಹೋಗಿ ಕಣ್ಣು ನೋಡುವ ಒಂದು ಚಿಕ್ಕ ಸಂಸ್ಥೆ ಮೊದಲೇ ಇತ್ತು, ಪೆಟ್ರೋಲಿಗೆ ಕಾಸಿರಲಿಲ್ಲ. ಅವರ ಜೊತೆ 30 ಜನರಿಂದ ಶುರು ಮಾಡಿದೆ. ಕನ್ನಡಕಕ್ಕೆ 110 ರೂಪಾಯಿ. ತಪಾಸಣೆ, ಪೆಟ್ರೋಲ್, ಎರಡನೇ ಭೇಟಿ ಸೇರಿದರೆ 260ರ ಸುಮಾರು. ಎರಡನೇ ಭೇಟಿಗೆ ಯಾವ ದಾನಿಯೂ ದುಡ್ಡು ಕೊಡಲ್ಲ ಅಂದಿದ್ದರು. ಅದಕ್ಕೆಂದೇ ಹಟ ಹಿಡಿದು ಕೇಳಿದೆ, ಕೊಟ್ಟರು.

ಮೂರು ತಿಂಗಳು ಬಿಟ್ಟು ಮನೆಮನೆಗೆ ಹೋದೆವು. 24 ಜನ ಹಾಕುತ್ತಿದ್ದರು. ಮೂರು ಮುರಿದಿದ್ದವು, ಎರಡು ಕಳೆದಿದ್ದವು, ಒಂದನ್ನು ಅತ್ತೆ ತಗೊಂಡಿದ್ದರು. ನಾಲ್ಕು ಮನೆಯಲ್ಲಿ ಮಾತ್ರ ಸುಲಿದ ಅಡಿಕೆಯ ಲೆಕ್ಕ ಸಿಕ್ಕಿತು. ದಿನಕ್ಕೆ ಎರಡು ಮೂರು ಕಿಲೋ ಏರಿತ್ತು. ನಾಲ್ಕೇ ಮನೆ, ಹಾಗಾಗಿ ದಾನಿಗಳಿಗೆ ಕಳಿಸುವ ಲೆಕ್ಕದಲ್ಲಿ ಅದನ್ನು ಸೇರಿಸಲಿಲ್ಲ.

ಒಂದೇ ಪುಟದ ಲೆಕ್ಕ ಕಳಿಸಿದೆ. ಫೋಟೋ ಇಲ್ಲ. ಹಾಕದ ಆರು ಜನರ ವಿಷಯ ಮೇಲೇ ಬರೆದೆ. ಸಂಸ್ಥೆಯವರು ಹೆದರಿದ್ದರು. ಆದರೆ ದಾನಿಗಳು ವಾಪಸ್ ಕೇಳಿದ್ದು ಆ ಆರು ಜನರ ಬಗ್ಗೆಯೇ. 11 ಇದ್ದ ದಾನಿಗಳ ಸಂಖ್ಯೆ ಒಂದು ವರ್ಷದೊಳಗೆ 40 ದಾಟಿತು.

ಸಂಸ್ಥೆ ಆರಿಸುವಾಗ ದಾನಿಗೆ ತೆರಿಗೆ ರಿಯಾಯಿತಿ ಸಿಗುವ ನೋಂದಣಿ, ಆಡಿಟ್ ಎಲ್ಲ ನೀವೂ ನೋಡುತ್ತೀರಿ. ನಾನು ಲೆಕ್ಕ ಬರೆಯುವವರಿಗೆ ಇನ್ನೂ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಉತ್ತರ ಮೊದಲೇ ತಯಾರಾಗಿಬಿಡುತ್ತದೆ.

ನಡುವೆ ತದಡಿಯಲ್ಲಿ ಬಲೆ ರಿಪೇರಿ ಮಾಡುವವರಿಗೂ 15 ಕನ್ನಡಕ ಕೊಟ್ಟು ನೋಡಿದೆ. ಉಪ್ಪುಗಾಳಿಗೆ ಎರಡೇ ತಿಂಗಳಲ್ಲಿ ತಿರುಪು ತುಕ್ಕು ಹಿಡಿಯಿತು. ಈಗ ಪ್ಲಾಸ್ಟಿಕ್ ಫ್ರೇಮು, ಕುತ್ತಿಗೆಗೆ ದಾರ. ಬೆಲೆ 15 ರೂಪಾಯಿ ಏರಿತು, ಆದರೆ ಬಾಳಿಕೆ ಬರುತ್ತಿದೆ.

ಮುರಿದ ಮೂರು, ಕಳೆದ ಎರಡು, ಎಲ್ಲಕ್ಕೂ ಬದಲಿ ಕೊಟ್ಟಾಯಿತು. ಆ ಅತ್ತೆಯ ಕಣ್ಣನ್ನೂ ನೋಡಿಸಿದೆವು. ಅವರಿಗೆ ಬೇರೆ ನಂಬರ್ ಬೇಕಿತ್ತು. ಸೊಸೆಯ ಕನ್ನಡಕ ಸೊಸೆಗೆ ವಾಪಸ್ ಬಂತು.