ಪಾದದ ಡಾಕ್ಟ್ರ ಹತ್ರ ಮೊದಲ ಸಲ ಹೋಗ್ತಿದೀರಾ? ಕಾಲನ್ನ ಚಂದ ಮಾಡ್ಕೊಂಡು ಹೋಗ್ಬೇಡಿ

ಪೊಡಿಯಾಟ್ರಿಸ್ಟ್ ಅಂದ್ರೆ ಪಾದ, ಕಾಲ್ಗಿಣ್ಣು, ಕಾಲಿನ ಉಗುರು ಇವನ್ನೇ ನೋಡೋ ಸ್ಪೆಷಲಿಸ್ಟು. ಅಪಾಯಿಂಟ್‌ಮೆಂಟ್ ಸಿಕ್ತು ಅಂದ ಕೂಡ್ಲೇ ಎಷ್ಟೋ ಜನ ಮೊದಲು ಮಾಡೋ ಕೆಲಸ ಪೆಡಿಕ್ಯೂರು. ಹಿಮ್ಮಡಿ ಉಜ್ಜಿಸ್ಕೊಂಡು, ಉಗುರನ್ನ ಬುಡದವರೆಗೂ ಕತ್ತರಿಸ್ಕೊಂಡು, ನೇಲ್ ಪಾಲಿಷ್ ಹಚ್ಕೊಂಡು, ಇರೋದ್ರಲ್ಲಿ ಹೊಸ ಶೂ ಹಾಕ್ಕೊಂಡು ಹೋಗ್ತಾರೆ. ನಾಚಿಕೆಗೆ ಹಾಗೆ ಮಾಡೋದು, ಅರ್ಥ ಆಗುತ್ತೆ, ಆದ್ರೆ ಡಾಕ್ಟ್ರು ನೋಡ್ಬೇಕಾಗಿದ್ದೇ ಅದೆಲ್ಲ. ದಡ್ಡು ಎಲ್ಲಿ ಕಟ್ಟಿದೆ ಅನ್ನೋದ್ರಿಂದ ನಡೆಯುವಾಗ ಭಾರ ಎಲ್ಲಿ ಬೀಳ್ತಿದೆ ಅಂತ ತಿಳಿಯುತ್ತೆ, ಉಗುರಿನ ಬಣ್ಣದಿಂದ ಫಂಗಸ್ಸೋ, ಒಳಗೆ ರಕ್ತ ಹೆಪ್ಪುಗಟ್ಟಿದ್ಯೋ ಅಂತ ಅಂದಾಜು ಸಿಗುತ್ತೆ. ಫಂಗಸ್ ಅನುಮಾನ ಬಂದ್ರೆ ಲ್ಯಾಬಿಗೆ ಕಳಿಸೋಕೆ ಉಗುರಿನ ಚೂರು ಬೇಕು, ನೀವು ಎಲ್ಲಾ ಕತ್ತರಿಸ್ಕೊಂಡು ಬಂದ್ರೆ ಅವರು ಏನು ತೆಗೀಬೇಕು? ಈಗಾಗ್ಲೇ ನೀವೇ ಯಾವ್ದೋ ಫಂಗಸ್ ಮುಲಾಮು ಹಚ್ತಿದ್ರೆ ಅದನ್ನೂ ಹೇಳಿ, ಯಾಕಂದ್ರೆ ಫಂಗಸ್ ಇದ್ರೂ ರಿಪೋರ್ಟಲ್ಲಿ ಇಲ್ಲ ಅಂತ ಬರಬಹುದು.

ಕಾಲು ತೊಳ್ಕೊಂಡು, ಬೆರಳ ಸಂದಿ ಒರೆಸ್ಕೊಂಡು ಹೋದ್ರೆ ಸಾಕು. ಎಣ್ಣೆ, ಕ್ರೀಮು ಬೇಡ. ಮಂಡಿವರೆಗೂ ಮಡಚೋಕೆ ಆಗೋ ಸಡಿಲ ಪ್ಯಾಂಟ್ ಹಾಕ್ಕೊಳ್ಳಿ.

ಬ್ಯಾಗಲ್ಲಿ ಮರೀದೆ ಇಟ್ಕೋಬೇಕಾಗಿದ್ದು ದಿನಾ ಹಾಕೋ ಹಳೇ ಶೂ ಅಥವಾ ಚಪ್ಪಲಿ, ಸವೆದಷ್ಟೂ ಒಳ್ಳೇದು. ಅಟ್ಟೆ ಒಂದು ಪಕ್ಕಕ್ಕೆ ಸವೆದಿರೋದು, ಒಳಗೆ ಬೆರಳು ಕೂತ ಗುರುತು, ಇವೆಲ್ಲ ಡಾಕ್ಟ್ರಿಗೆ ಕೆಲಸಕ್ಕೆ ಬರುತ್ತೆ, ಹೊಸ ಶೂ ಏನೂ ಹೇಳಲ್ಲ. ಜೊತೆಗೆ ತಗೊಳ್ಳೋ ಔಷಧಿಗಳ ಪಟ್ಟಿ ಇರ್ಲಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ, ದಡ್ಡು ಹೆರೆಯೋಕೆ ಡಾಕ್ಟ್ರು ಬ್ಲೇಡ್ ಕೈಗೆ ತಗೊಳ್ಳೋಕೂ ಮುಂಚೆ ಹೇಳ್ಬೇಕು. ಶುಗರ್ ಇದ್ರೆ ಇತ್ತೀಚಿನ ಎಚ್‌ಬಿಎ1ಸಿ ರಿಪೋರ್ಟ್ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) ಬೇಕೇ ಬೇಕು.

ಒಳಗೆ ಹೋದ್ಮೇಲೆ ಮೊದಲು ಮಾತು. ಬರೀ "ಕಾಲು ನೋವು" ಅಂದ್ರೆ ಸಾಲದು, ಯಾವಾಗ, ಎಲ್ಲಿ, ಏನು ಮಾಡಿದ್ರೆ ಕಮ್ಮಿಯಾಗುತ್ತೆ ಅಂತ ಹೇಳಿ. ಬೆಳಗ್ಗೆ ಎದ್ದು ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿ, ನಾಲ್ಕು ಹೆಜ್ಜೆ ನಡೆದ್ಮೇಲೆ ಸಡಿಲ ಆಗುತ್ತೆ ಅಂದ್ರೆ ಹಿಮ್ಮಡಿಯಿಂದ ಬೆರಳ ಬುಡದವರೆಗೆ ಚರ್ಮದೊಳಗೆ ಹಾದಿರೋ ಅಂಗಾಲಿನ ಪಟ್ಟಿ ಊದಿಕೊಂಡಿರೋ ಸಾಧ್ಯತೆ ಜಾಸ್ತಿ. ನಡೀತಾ ಮೀನಖಂಡ ಹಿಡ್ಕೊಂಡು, ನಿಂತ್ರೆ ಬಿಡುತ್ತೆ ಅಂದ್ರೆ ರಕ್ತ ಸಂಚಾರ ಚೆಕ್ ಮಾಡ್ಲೇಬೇಕು. ರಾತ್ರಿ ಹೊತ್ತು ಅಂಗಾಲು ಉರಿ, ಜೋಮು ಅಂದ್ರೆ ನರದ ಕಡೆಗೆ ಅನುಮಾನ ಹೋಗುತ್ತೆ. ಹಿಂದೆ ಯಾವಾಗಾದ್ರೂ ಕಾಲಲ್ಲಿ ಗಾಯ ಆಗಿ ವಾಸಿಯಾಗೋಕೆ ತುಂಬಾ ದಿನ ಹಿಡಿದಿದ್ರೆ ಅವರು ಕೇಳದಿದ್ರೂ ನೀವೇ ಹೇಳಿ.

ಆಮೇಲೆ ಬೆರಳ ಸಂದಿಯಿಂದ ಹಿಮ್ಮಡಿವರೆಗೂ ನೋಡ್ತಾರೆ, ಪಾದದ ಮೇಲ್ಭಾಗದಲ್ಲಿ ಮತ್ತೆ ಒಳಗಿಣ್ಣಿನ ಹಿಂದೆ ನಾಡಿ ಹಿಡೀತಾರೆ. ಕೈಗೆ ಸಿಗದಿದ್ರೆ ಡಾಪ್ಲರ್ ಅನ್ನೋ, ರಕ್ತ ಹರಿಯೋ ಸದ್ದು ಕೇಳಿಸೋ ಪುಟ್ಟ ಯಂತ್ರ ಇಟ್ಟು ಕೇಳ್ತಾರೆ, ನೋವಿಲ್ಲ.

ಈಗ ಬರೋದು ಜನ ಕೆಡಿಸ್ಕೊಳ್ಳೋ ಹಂತ, ಸ್ಪರ್ಶದ ಪರೀಕ್ಷೆ. ಒಂದು ಹಿಡಿಗೆ ಸಿಕ್ಕಿಸಿರೋ ನೈಲಾನ್ ಎಳೆ ಇರುತ್ತೆ, ಮಾನೋಫಿಲಮೆಂಟ್ ಅಂತಾರೆ. 10 ಗ್ರಾಂ ಒತ್ತಡ ಬಿದ್ದ ತಕ್ಷಣ ಬಾಗೋ ಹಾಗೆ ಮಾಡಿರ್ತಾರೆ, ಹಾಗಾಗಿ ಯಾರು ಒತ್ತಿದ್ರೂ ಒತ್ತಡ ಹೆಚ್ಚೂಕಮ್ಮಿ ಅಷ್ಟೇ. ಮೊದಲು ನಿಮ್ಮ ಕೈಗೆ ಮುಟ್ಟಿಸಿ ಹೇಗಿರುತ್ತೆ ಅಂತ ತೋರಿಸ್ತಾರೆ, ಆಮೇಲೆ ಕಣ್ಣು ಮುಚ್ಚಿ ಅಂತಾರೆ, ಹೆಬ್ಬೆರಳ ತುದಿ, ಬೆರಳುಗಳ ಬುಡದ ಉಬ್ಬು ಹೀಗೆ ಬೇರೆ ಬೇರೆ ಕಡೆ ಒತ್ತಿ ಒಂದೆರಡು ಸೆಕೆಂಡ್ ಹಿಡಿದು ಬಿಡ್ತಾರೆ. ಗೊತ್ತಾದಾಗ "ಹ್ಞೂಂ" ಅನ್ಬೇಕು, ಅಷ್ಟೇ ಕೆಲಸ. ಆದ್ರೆ ಇಲ್ಲಿ ಜನ ಕಣ್ಣಂಚಲ್ಲಿ ನೋಡ್ತಾರೆ, ಡಾಕ್ಟ್ರ ಕೈ ಆಡಿದ ಸದ್ದಿಗೇ ಹ್ಞೂಂ ಅಂತಾರೆ, ಎರಡು ಸಲ ಗೊತ್ತಾಗ್ಲಿಲ್ಲ ಅಂದ್ರೆ ಗಾಬರಿಯಾಗಿ ಮೂರನೇ ಸಲಕ್ಕೆ ಊಹೆ ಮಾಡಿ ಹೇಳ್ಬಿಡ್ತಾರೆ. ಇನ್ನು ಪಕ್ಕದಲ್ಲಿ ಕೂತ ಮನೆಯವರು "ಗೊತ್ತಾಗ್ಲಿಲ್ವಾ? ಈಗ ಮುಟ್ಟಿದ್ರಲ್ಲ" ಅಂತ ಹೇಳ್ಕೊಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ, ಇದು ಪಾಸಾಗ್ಬೇಕಾದ ಪರೀಕ್ಷೆ ಅಲ್ಲ. ಸ್ಪರ್ಶ ಹೋಗಿರೋ ಕಾಲಿಗೆ ಶೂ ಒಳಗೆ ಕಲ್ಲು ಸೇರಿದ್ರೂ ಗೊತ್ತಾಗಲ್ಲ, ಗುಳ್ಳೆ ಎದ್ದು ಹುಣ್ಣಾಗಿ ಕೀವು ಬಂದ್ಮೇಲೇನೇ ಕಣ್ಣಿಗೆ ಬೀಳೋದು. ನಿಮ್ಮನ್ನ ಎಷ್ಟು ತಿಂಗಳಿಗೊಮ್ಮೆ ನೋಡ್ಬೇಕು, ಎಂಥ ಶೂ ಹಾಕಿಸ್ಬೇಕು ಅಂತ ತೀರ್ಮಾನ ಮಾಡೋಕೆ ಈ ಉತ್ತರಗಳೇ ಆಧಾರ. ಮುಟ್ಟದೇನೂ "ಗೊತ್ತಾಯ್ತಾ" ಅಂತ ಕೇಳೋದುಂಟು, ಬೇಜಾರು ಮಾಡ್ಕೋಬೇಡಿ, ಊಹೆ ಉತ್ತರ ಬೇರೆ ಮಾಡೋಕೇ ಅದು.

ಟ್ಯೂನಿಂಗ್ ಫೋರ್ಕ್, ಅಂದ್ರೆ ತಟ್ಟಿದ್ರೆ ನಡುಗೋ ಲೋಹದ ಕವೆ, ಅದರ ವಿಷಯದಲ್ಲೂ ಇದೇ ಕಥೆ. 128 ಹರ್ಟ್ಸ್‌ದನ್ನ ತಟ್ಟಿ ಹೆಬ್ಬೆರಳ ಮೂಳೆ ಮೇಲೆ ಇಡ್ತಾರೆ. ಲೋಹ ತಣ್ಣಗೆ ತಾಗಿದ್ದಕ್ಕೆ ಹ್ಞೂಂ ಅನ್ಬೇಡಿ, ಅವರು ಕೇಳ್ತಿರೋದು ಒಳಗೆ ಗುಂಯ್ ಅಂತ ನಡುಗೋದು ಗೊತ್ತಾಗುತ್ತಾ, ಅದು ಯಾವಾಗ ನಿಲ್ತು ಅಂತ.

ಬರಿಗಾಲಲ್ಲಿ ನಡೆದು ತೋರಿಸಿ ಅಂದ್ರೆ ಪೆರೇಡ್ ಥರ ಎದೆ ಸೆಟೆಸಿ ನಡೀಬೇಡಿ, ದಿನಾ ಹೇಗೆ ನಡೀತೀರೋ ಹಾಗೇ ನಡೀರಿ, ಕುಂಟೋದಿದ್ರೆ ಕುಂಟ್ಕೊಂಡೇ.

ದಡ್ಡು, ಆಣಿ ಇದ್ರೆ ಅವತ್ತೇ ಬ್ಲೇಡಲ್ಲಿ ಹೆರೆದು ತೆಗೀತಾರೆ. ಬ್ಲೇಡ್ ನೋಡಿ ಕಾಲು ಎಳ್ಕೊಳ್ಳೋರೇ ಜಾಸ್ತಿ, ಆದ್ರೆ ತೆಗೆಯೋದು ಸತ್ತ ಚರ್ಮ, ಸಾಮಾನ್ಯವಾಗಿ ನೋವಾಗಲ್ಲ, ನೋವಾದ್ರೆ ತಕ್ಷಣ ಹೇಳಿ. ಆಣಿಗೆ ಬೇರು ಅಂತ ಏನೂ ಇಲ್ಲ, ಒತ್ತಡ ಇರೋವರೆಗೂ ಮತ್ತೆ ಬರುತ್ತೆ, ಅದಕ್ಕೇ ಶೂ ಬದಲಾಯಿಸಿ ಅನ್ನೋದು. ಮೆಡಿಕಲ್ ಶಾಪಲ್ಲಿ ಸಿಗೋ ಆಣಿ ಪ್ಲಾಸ್ಟರ್ ಬಗ್ಗೆ ನಾನು ಖಡಾಖಂಡಿತ ಹೇಳ್ತೀನಿ, ಶುಗರ್ ಇರೋರು, ರಕ್ತ ಸಂಚಾರ ಕಮ್ಮಿ ಇರೋರು ಮುಟ್ಲೇಬಾರ್ದು. ಅದ್ರಲ್ಲಿರೋ ಸ್ಯಾಲಿಸಿಲಿಕ್ ಆಸಿಡ್‌ಗೆ ಆಣಿ ಯಾವ್ದು, ಪಕ್ಕದ ಒಳ್ಳೆ ಚರ್ಮ ಯಾವ್ದು ಅನ್ನೋ ಭೇದ ಇಲ್ಲ, ಎರಡನ್ನೂ ಸುಡುತ್ತೆ. ಮನೇಲಿ ದಡ್ಡು ಕೆರೆಯೋ ಬ್ಲೇಡ್ ಇದ್ರೆ ಅದನ್ನೂ ಎಸೀರಿ.

ಉಗುರು ಮಾಂಸದೊಳಗೆ ಬೆಳೆದಿದ್ರೆ ಬೆರಳ ಬುಡಕ್ಕೆ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಅಂಚನ್ನ ತೆಗೀತಾರೆ, ಅದಕ್ಕೆ ಬೇರೆ ದಿನ ಕೊಡೋದೂ ಇದೆ. ಫಂಗಸ್ ಔಷಧಿ ಶುರು ಮಾಡಿದ್ರೆ ಬೇಗ ರಿಸಲ್ಟ್ ನಿರೀಕ್ಷೆ ಮಾಡ್ಬೇಡಿ, ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಿ ಬೆಳೆಯೋಕೇ 12ರಿಂದ 18 ತಿಂಗಳು ಬೇಕು.

ಅಳತೆ ಕೊಟ್ಟು ಮಾಡಿಸೋ ದುಬಾರಿ ಇನ್‌ಸೋಲ್ ಮಾತು ಮೊದಲ ದಿನಾನೇ ಬಂದ್ರೆ, ಯಾಕೆ ಬೇಕು, ಮೊದಲು ಸರಿಯಾದ ಶೂ, ವ್ಯಾಯಾಮ ಅಥವಾ ರೆಡಿಮೇಡ್ ಇನ್‌ಸೋಲ್ ಟ್ರೈ ಮಾಡ್ಬಹುದಾ ಅಂತ ಕೇಳಿ. ಕಾಲಿನ ಆಕಾರಾನೇ ಬದಲಾಗಿರೋರಿಗೆ, ಹಿಂದೆ ಹುಣ್ಣಾಗಿದ್ದೋರಿಗೆ ಅದು ನಿಜವಾಗ್ಲೂ ಬೇಕಾಗುತ್ತೆ, ಎಲ್ರಿಗೂ ಅಲ್ಲ.

ಹೊರಡೋ ಮುಂಚೆ ಮುಂದಿನ ಸಲ ಯಾವಾಗ ಬರ್ಬೇಕು, ಏನಾದ್ರೆ ಕಾಯದೇ ಬರ್ಬೇಕು ಅಂತ ಕೇಳಿ ಬರ್ಕೊಳ್ಳಿ. ಶುಗರ್ ಇದ್ದು ಕಾಲಲ್ಲಿ ಸ್ಪರ್ಶ ಕಮ್ಮಿ ಇರೋರು ಇದನ್ನಂತೂ ಮನೆಯವರಿಗೂ ಹೇಳಿಡಿ, ಒಂದು ಪಾದ ಕೆಂಪಾಗಿ, ಬಿಸಿಯಾಗಿ, ಊದ್ಕೊಂಡ್ರೆ ನೋವೇ ಇಲ್ಲದಿದ್ರೂ ಅವತ್ತೇ ತೋರಿಸ್ಬೇಕು, ಅಲ್ಲೀವರೆಗೂ ಆ ಕಾಲಿನ ಮೇಲೆ ಭಾರ ಹಾಕಬಾರದು.