ಟೋಪಿ ಹಾಕಿಸಿಕೊಂಡ ಮೇಲೆ ಕಲಿತದ್ದು

ಹರ್ನಿಯಾ ಆಪರೇಷನ್ ನಡೀತಿತ್ತು. ಇನ್ನೇನು ಮೆಶ್, ಅಂದರೆ ಹೊಟ್ಟೆಯ ಗೋಡೆಗೆ ಆಸರೆಯಾಗಿ ಒಳಗೆ ಇಡುವ ಬಲೆ, ಕೇಳಬೇಕು, ಅಷ್ಟರಲ್ಲಿ ಸರ್ಜನ್ ಕೈ ನಿಲ್ಲಿಸಿದರು. "ಸಿಸ್ಟರ್, ಏನಿದು?" ರೋಗಿಗೆ ಹೊದಿಸಿದ ಹಸಿರು ಡ್ರೇಪ್ ಮೇಲೆ ಗೇಣುದ್ದದ ಒಂದು ಕೂದಲು. ಗಾಯಕ್ಕೂ ಅದಕ್ಕೂ ನಾಲ್ಕೇ ಬೆರಳಿನ ಅಂತರ.

ಯಾರದು ಅಂತ ಹುಡುಕುವ ಕಷ್ಟವೇ ಇರಲಿಲ್ಲ. ಸ್ಕ್ರಬ್ ಆಗಿ, ಅಂದರೆ ಕೈ ತೊಳೆದು ಗೌನು, ಗ್ಲೌಸ್ ಹಾಕಿ ಸರ್ಜನ್ ಪಕ್ಕ ನಿಂತಿದ್ದ ಹುಡುಗಿಗೆ ಸೊಂಟ ಮುಟ್ಟುವ ಜಡೆ. ಅದನ್ನು ತುರುಬು ಕಟ್ಟಿ ಮೇಲೆ ಕ್ಯಾಪ್ ಹಾಕಿದ್ದಳು. ಆ ಕ್ಯಾಪ್ ಹಿಂದುಗಡೆ ಎರಡಿಂಚು ಬಿರಿದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ, ಪಾಪ. ಡ್ರೇಪ್ ಬದಲಾಯಿಸಿದೆವು, ಗ್ಲೌಸ್ ಬದಲಾಯಿಸಿದೆವು, ಬೇರೆ ಸಿಸ್ಟರ್ ಸ್ಕ್ರಬ್ ಆದರು. ಮೆಶ್ ಪ್ಯಾಕೆಟ್ ಇನ್ನೂ ಒಡೆದಿರಲಿಲ್ಲ, ಅದೊಂದು ಪುಣ್ಯ. ಮೆಶ್‌ಗೆ ಸೋಂಕು ತಗುಲಿದರೆ ಕೆಲವೊಮ್ಮೆ ಮತ್ತೆ ಹೊಟ್ಟೆ ತೆರೆದು ಅದನ್ನೇ ತೆಗೆಯಬೇಕಾಗುತ್ತದೆ. ಕೂದಲು, ನೆತ್ತಿಯಲ್ಲಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಇರುವುದು ಹೊಸ ವಿಷಯ ಏನಲ್ಲ. ಕಾಣಿಸುವ ಕೂದಲಾದರೆ ಎತ್ತಿ ಹಾಕಬಹುದು. ಅದರ ಜೊತೆ ಉದುರುವ ಹೊಟ್ಟು ಕಣ್ಣಿಗೆ ಎಲ್ಲಿ ಬೀಳುತ್ತೆ?

ನಾನು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಓಟಿ (ಆಪರೇಷನ್ ಥಿಯೇಟರ್) ಇನ್‌ಚಾರ್ಜ್. 17 ವರ್ಷದಿಂದ ಓಟಿಯಲ್ಲೇ ಇದ್ದೇನೆ. ಅವತ್ತಿನ ತನಕ ಕ್ಯಾಪ್ ಅಂದರೆ ನನಗೂ ಸ್ಟೋರ್‌ನಿಂದ ಬರುವ ಒಂದು ಸಾಮಾನು, ಅಷ್ಟೇ. ಗ್ಲೌಸ್ ಯಾವ ಕಂಪನಿ, ಹೊಲಿಗೆ ದಾರ ಯಾವುದು ಅಂತ ಜಗಳ ಮಾಡಿದ್ದೆ. ಕ್ಯಾಪ್ ಬಗ್ಗೆ ಒಂದು ದಿನವೂ ಕೇಳಿರಲಿಲ್ಲ.

ಸ್ಟೋರ್‌ಗೆ ಹೋದರೆ ಅಲ್ಲಿಯ ಸರ್ ನಕ್ಕರು. "ಟೋಪಿ ತಾನೆ ಸಿಸ್ಟರ್? ಒಂದಕ್ಕೆ 90 ಪೈಸೆ. ಅದಕ್ಕೂ ತಕರಾರಾ?"

"ಟೋಪಿ ಹಾಕಿದ್ದಾರೆ ಸರ್, ನಮಗೇ" ಅಂದೆ.

ಪ್ಯಾಕೆಟ್ ಮೇಲೆ 20 ಜಿಎಸ್‌ಎಂ ಅಂತ ಇತ್ತು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನುವ ಲೆಕ್ಕ. ಈ ಕ್ಯಾಪ್‌ಗಳ ಬಟ್ಟೆ ನೇಯ್ದದ್ದಲ್ಲ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕರಗಿಸಿ, ಎಳೆ ಎಳೆಯಾಗಿ ಹರಡಿ, ಬಿಸಿ ರೋಲರ್‌ನಲ್ಲಿ ಒತ್ತಿ ಮಾಡಿದ್ದು. ಎಳೆ ಕಡಿಮೆ ಹಾಕಿದಷ್ಟೂ ಬಟ್ಟೆ ಅಗ್ಗ, ಅಷ್ಟೇ ತೆಳು. ಇದನ್ನು ಪರೀಕ್ಷೆ ಮಾಡೋಕೆ ಲ್ಯಾಬ್ ಬೇಡ. ಹತ್ತು ಕ್ಯಾಪ್ ತಗೊಂಡು, ಎಲಾಸ್ಟಿಕ್ ಬಿಟ್ಟು, ಒಂದೊಂದರಿಂದ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಚೌಕ ಕತ್ತರಿಸಿದೆ. ಹತ್ತು ಚೌಕ ಸೇರಿದರೆ ಒಂದು ಚದರ ಮೀಟರಿನ ಹತ್ತನೇ ಒಂದು ಭಾಗ. ಬಟ್ಟೆ ನಿಜವಾಗಿ 20 ಜಿಎಸ್‌ಎಂ ಆಗಿದ್ದರೆ ಆ ಹತ್ತು ಚೂರು 2 ಗ್ರಾಂ ತೂಗಬೇಕು.

ಅಷ್ಟು ಸಣ್ಣ ತೂಕಕ್ಕೆ ಅಡುಗೆಮನೆ ತಕ್ಕಡಿ ಸಾಲಲ್ಲ. ಮಂಡಿಪೇಟೆಯಲ್ಲಿ ಪರಿಚಯದ ಅಕ್ಕಸಾಲಿಗರೊಬ್ಬರಿದ್ದಾರೆ, ಅಲ್ಲಿಗೆ ಹೋದೆ. "ಏನಮ್ಮ, ಚಿನ್ನ ಬಿಟ್ಟು ಅರಿವೆ ಚೂರು ತೂಗ್ಸೋಕೆ ಬಂದೀಯಲ್ಲ" ಅಂತ ಅಜ್ಜ ತಮಾಷೆ ಮಾಡಿದರು. ಫ್ಯಾನ್ ಆಫ್ ಮಾಡಿ, ಗಾಜಿನ ಬಾಗಿಲು ಮುಚ್ಚಿ ತೂಗಿದರು. 1.3 ಗ್ರಾಂ. ಅಂದರೆ 13 ಜಿಎಸ್‌ಎಂ.

ಮುಂದಿನ ತಿಂಗಳು ಮೂರು ಡೀಲರ್‌ಗಳಿಂದ ಸ್ಯಾಂಪಲ್ ತರಿಸಿದೆ. ತೂಕ ನೋಡಿದ್ದು ಮೊದಲ ಹೆಜ್ಜೆ ಮಾತ್ರ. ಒಂದು ಕ್ಯಾಪ್ ತೂಕದಲ್ಲಿ ಸರಿ ಇತ್ತು. ಟ್ಯೂಬ್‌ಲೈಟ್‌ಗೆ ಹಿಡಿದು ನೋಡಿದರೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ನೀರು ದೋಸೆಯ ಹಾಗೆ ತೂತು ತೂತು. ಇನ್ನೊಂದರಲ್ಲಿ ಬಟ್ಟೆ ಚೆನ್ನಾಗಿತ್ತು, ಆದರೆ ಎಲಾಸ್ಟಿಕ್ ಅಂಟಿಸಿದ ಜಾಗದಲ್ಲೇ ಕಿತ್ತು ಬಂತು. ನಮ್ಮ ಹುಡುಗಿಯ ಕ್ಯಾಪ್ ಬಿರಿದದ್ದೂ ಇಲ್ಲೇ. ಹಾಗಾಗಿ ಈಗ ಎರಡೂ ಕೈ ಒಳಗೆ ಹಾಕಿ, ದೊಡ್ಡ ತುರುಬಿನ ಅಗಲಕ್ಕೆ ಹಿಗ್ಗಿಸಿ ನೋಡುತ್ತೇನೆ. ಹತ್ತರಲ್ಲಿ ಒಂದು ಕಿತ್ತರೂ ಆ ಲಾಟ್ ವಾಪಸ್.

ನಿಜವಾದ ತಪ್ಪು ಮಾತ್ರ ಸೈಜ್‌ನಲ್ಲಿತ್ತು. ಬೂಫಂಟ್ ಕ್ಯಾಪ್, ಅಂದರೆ ಸುತ್ತ ಎಲಾಸ್ಟಿಕ್ ಇರುವ ಉಬ್ಬು ಟೋಪಿ, 18, 21, 24 ಇಂಚುಗಳಲ್ಲಿ ಬರುತ್ತೆ. ಅದು ತಲೆಯ ಸುತ್ತಳತೆ ಅಲ್ಲ, ಟೋಪಿಯನ್ನು ಬಿಚ್ಚಿ ಹರಡಿದಾಗ ಸಿಗುವ ಅಡ್ಡಗಲ. ನಮಗೆ ಬರುತ್ತಿದ್ದದ್ದು 18. ಗಂಡಸರ ಕ್ರಾಪ್‌ಗೆ ಅದು ಸಾಕು. ನಮ್ಮ ಓಟಿಯಲ್ಲಿ ಹೆಂಗಸರೇ ಜಾಸ್ತಿ, ಅದರಲ್ಲೂ ಉದ್ದ ಜಡೆಯವರು. 18 ಇಂಚಿನ ಟೋಪಿ ತುರುಬಿನ ಮೇಲೆ ಬಿಗಿಯಾಗಿ ಕೂತು, ಗಂಟೆ ಕಳೆದ ಹಾಗೆ ಹಿಂದಿನಿಂದ ಮೇಲೆ ಸರಿಯುತ್ತೆ. ತಲೆಗೆ ಕೊಬ್ಬರಿ ಎಣ್ಣೆ ಹಾಕಿದ್ದರೆ ಇನ್ನೂ ಬೇಗ. ಹಿಂಗತ್ತಿನ ಸಣ್ಣ ಕೂದಲೆಲ್ಲ ಹೊರಗೆ. ಈಗ ಜಡೆ ಇರುವವರಿಗೆ 24, ಉಳಿದವರಿಗೆ 21. ತುರುಬನ್ನು ನೆತ್ತಿಯ ಹತ್ತಿರ ಕಟ್ಟಬೇಡಿ, ಕೆಳಗೆ ಕಟ್ಟಿ ಅಂತಲೂ ಹೇಳಿದ್ದೇನೆ. ಮಲ್ಲಿಗೆ ತೆಗೆದಿಡೋಕೆ ಚೇಂಜಿಂಗ್ ರೂಮಿನಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದೇನೆ. ಡ್ಯೂಟಿ ಮುಗಿಸಿ ಮತ್ತೆ ಮುಡ್ಕೊಂಡು ಹೋಗ್ತಾರೆ.

ಇನ್ನೊಂದು ಅಭ್ಯಾಸ ಬಿಡಿಸೋಕೆ ತುಂಬಾ ದಿನ ಹಿಡಿಯಿತು. ಎಲ್ಲರೂ ಮೊದಲು ಓಟಿ ಬಟ್ಟೆ ಹಾಕಿ, ಆಮೇಲೆ ಕ್ಯಾಪ್ ಹಾಕುತ್ತಿದ್ದರು. ತಲೆ ಮೇಲಿಂದ ಬಟ್ಟೆ ಎಳೆದುಕೊಳ್ಳುವಾಗಲೇ ಕೂದಲು, ಹೊಟ್ಟು ಹೆಗಲ ಮೇಲೆ ಬಿದ್ದಿರುತ್ತೆ. ಮೊದಲು ಕ್ಯಾಪ್, ಆಮೇಲೆ ಬಟ್ಟೆ.

ಎಲಾಸ್ಟಿಕ್ ವಿಷಯದಲ್ಲಿ ನನ್ನ ತಲೆಯನ್ನೇ ನಂಬಿದೆ. ಮೊಣಕಾಲು ಬದಲಾಯಿಸುವ ಆಪರೇಷನ್‌ಗೆ ಒಂದು ಸ್ಯಾಂಪಲ್ ಹಾಕಿಕೊಂಡು ನಿಂತೆ. ಮೂರು ಗಂಟೆಗೆ ಹಣೆಯಲ್ಲಿ ಕೆಂಪು ಗೆರೆ, ಕಿವಿ ಹಿಂದೆ ನೋವು. ತಲೆನೋವು ಬಂದವರು ಏನು ಮಾಡ್ತಾರೆ ಹೇಳಿ? ಕ್ಯಾಪನ್ನು ಕಿವಿಯ ಮೇಲಕ್ಕೆ ಸರಿಸ್ತಾರೆ. ಅಲ್ಲಿಗೆ ಕಥೆ ಮುಗೀತು. ಅನಸ್ತೀಶಿಯಾ ಟೆಕ್ನಿಷಿಯನ್ ಒಬ್ಬನಿಗೆ ಎಲಾಸ್ಟಿಕ್ ತಾಗಿದ ಕಡೆಯಲ್ಲೆಲ್ಲ ತುರಿಕೆ, ದದ್ದು. ಅವನಿಗೆ ರಬ್ಬರ್ ಗ್ಲೌಸ್ ಕೂಡ ಆಗಿಬರಲ್ಲ ಅಂತ ಆಗ ನೆನಪಾಯಿತು. ಲ್ಯಾಟೆಕ್ಸ್, ಅಂದರೆ ರಬ್ಬರ್ ಮರದ ಹಾಲಿನ ಅಂಶ, ಇಲ್ಲ ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು ಅನ್ನೋದು ಈಗ ಆರ್ಡರ್‌ನಲ್ಲೇ ಇದೆ.

ಇನ್ನು ಸರ್ಜನ್‌ಗಳು. ಅವರಿಗೆ ಹಿಂದೆ ಲಾಡಿ ಕಟ್ಟುವ ಕ್ಯಾಪೇ ಬೇಕು. ಕಿವಿ ಹೊರಗೆ, ಕೆನ್ನೆಗೂದಲು ಹೊರಗೆ. ಈ ಜಗಳ ನಮ್ಮ ಊರಿನದು ಮಾತ್ರ ಅಲ್ಲ. ಅಮೆರಿಕದ ಓಟಿ ನರ್ಸ್‌ಗಳ ಸಂಘ ಎಒಆರ್‌ಎನ್, ಕೂದಲು, ಕಿವಿ, ಹಿಂಗತ್ತು ಎಲ್ಲ ಮುಚ್ಚಿರಬೇಕು ಎಂದು ಹೇಳಿತ್ತು. ಎಷ್ಟೋ ಆಸ್ಪತ್ರೆಗಳು ಸರ್ಜನ್ ಕ್ಯಾಪ್ ನಿಲ್ಲಿಸಿ ಎಲ್ಲರಿಗೂ ಬೂಫಂಟ್ ಹಾಕಿಸಿದವು. 2016ರಲ್ಲಿ ಅಲ್ಲಿಯ ಸರ್ಜನ್‌ಗಳ ಸಂಘ, ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್, ತಿರುಗಿ ಮಾತಾಡಿತು. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ನಿಜವಾದ ಓಟಿಯಲ್ಲಿ ಸುಳ್ಳು ಆಪರೇಷನ್ ಮಾಡಿ ಗಾಳಿ ಪರೀಕ್ಷಿಸಿದರು. ಬೂಫಂಟ್ ಬಟ್ಟೆಯಿಂದ ಕಣ ಜಾಸ್ತಿ ತೂರಿ ಬರುತ್ತಿತ್ತು. ಒಗೆದ ಬಟ್ಟೆ ಕ್ಯಾಪ್ ಅದಕ್ಕಿಂತ ವಾಸಿ ಅಂತಾಯಿತು. 2019ರಲ್ಲಿ ಎಒಆರ್‌ಎನ್ ಕೂಡ ಇಂಥದ್ದೇ ಕ್ಯಾಪ್ ಬೇಕು ಅನ್ನುವುದನ್ನು ಕೈಬಿಟ್ಟಿತು. ಇದನ್ನು ಓದಿದಾಗ, ನಿಜ ಹೇಳ್ತೀನಿ, ನನಗೆ ಸ್ವಲ್ಪ ಬೇಜಾರಾಯಿತು. ನಮ್ಮ ಹಿರಿಯ ಸರ್ಜನ್ ಎದುರು ಅಷ್ಟು ವಾದ ಮಾಡಿದ್ದೆನಲ್ಲ! ಈಗ ಅವರು ಬಟ್ಟೆ ಕ್ಯಾಪ್ ಹಾಕಬಹುದು. ಆದರೆ ದಿನಾ ಹೊಸದು, ಅದೂ ಆಸ್ಪತ್ರೆ ಲಾಂಡ್ರಿಯಲ್ಲಿ ಒಗೆದದ್ದು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಂಡು ಬಂದ ಕ್ಯಾಪ್ ನಡೆಯಲ್ಲ.

ಗಡ್ಡದವರಿಗೂ ಹಿಜಾಬ್ ಹಾಕುವ ಸಿಸ್ಟರ್‌ಗಳಿಗೂ ಹುಡ್ ತರಿಸಿದೆ. ಮುಖ ಮಾತ್ರ ಬಿಟ್ಟು ತಲೆ, ಕಿವಿ, ಕುತ್ತಿಗೆ ಎಲ್ಲ ಮುಚ್ಚುತ್ತೆ. ಮನೆಯಿಂದ ಹಾಕಿಕೊಂಡು ಬಂದ ಬಟ್ಟೆ ಒಳಗೆ ಬರಲ್ಲ, ಅವರಿಗೂ ಮುಜುಗರ ಇಲ್ಲ. ಮೂಳೆ ಆಪರೇಷನ್‌ಗಳಲ್ಲಿ ರಕ್ತ, ನೀರು ಸಿಡಿಯುವುದು ಜಾಸ್ತಿ. ಸಾದಾ ಕ್ಯಾಪ್ ಬಟ್ಟೆಯಲ್ಲಿ ಅದು ಸೋರಿ ಇಳಿಯುತ್ತೆ. ಅಲ್ಲಿಗೆ ಮೂರು ಪದರದ, ನಡುವೆ ಸಣ್ಣ ಎಳೆಯ ಪದರ ಇರುವ ಎಸ್‌ಎಂಎಸ್ ಬಟ್ಟೆಯ ಹುಡ್. ಮಡಿಕೆ ಮಡಿಕೆಯಾಗಿ ಕಡ್ಡಿಯ ಹಾಗೆ ಬರುವ ಕ್ಲಿಪ್ ಕ್ಯಾಪ್ ಐಸಿಯುಗೆ ಬರುವ ನೆಂಟರಿಗೆ ಸಾಕು.

ನನ್ನ ತಮ್ಮ ಬೆಂಗಳೂರಿನ ಹತ್ತಿರ ಇಂಜೆಕ್ಷನ್ ತಯಾರಿಸುವ ಕಂಪನಿಯಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಇದನ್ನೆಲ್ಲ ಹೇಳಿಕೊಂಡೆ. ಹೋಳಿಗೆ ತಿಂತಾ ನಕ್ಕ. "ಅಕ್ಕಾ, ನಿನ್ನ ಕ್ಯಾಪ್ ನಮ್ಮಲ್ಲಿ ಮೊದಲನೇ ಚೇಂಜ್ ರೂಮ್ ದಾಟಲ್ಲ" ಅಂದ. ಔಷಧಿ ತುಂಬುವ ಜಾಗದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಮತ್ತು ಅದಕ್ಕಿಂತ ದೊಡ್ಡ ಕಣ 3520 ದಾಟಬಾರದು. ಅವರಿಗೆ ಕೂದಲಷ್ಟೇ ಶತ್ರು ಅಲ್ಲ, ಕ್ಯಾಪಿನ ಬಟ್ಟೆಯಿಂದ ಉದುರುವ ಎಳೆಯೂ ಶತ್ರು. ಕಾಗದದ ಟೋಪಿ ಅಂತೂ ಹತ್ತಿರಕ್ಕೂ ಸೇರಿಸಲ್ಲ. ಒಳಗೆ ಬೂಫಂಟ್, ಅದರ ಮೇಲೆ ಸ್ಟೆರೈಲ್ ಹುಡ್, ಹುಡ್‌ನ ಅಂಚು ಸೂಟಿನ ಕುತ್ತಿಗೆಯೊಳಗೆ. ಸ್ಟೆರೈಲ್ ಔಷಧಿ ತಯಾರಿಕೆಗೆ ಯುರೋಪಿನಲ್ಲಿರುವ ಆನೆಕ್ಸ್ 1 ನಿಯಮ 2022ರಲ್ಲಿ ಹೊಸದಾಗಿ ಬಂದ ಮೇಲೆ ಮುಖದ ಚರ್ಮವೂ ಕಾಣುವ ಹಾಗಿಲ್ಲ, ಕಣ್ಣಿಗೂ ಗಾಗಲ್ಸ್. "ನಿಮಗೆ ರೋಗಿಯನ್ನು ಕಾಪಾಡಬೇಕು, ಸಿಬ್ಬಂದಿಯನ್ನೂ ಕಾಪಾಡಬೇಕು. ನಮ್ಮಲ್ಲಿ ಮನುಷ್ಯನೇ ಕೊಳೆ" ಅಂದ. ಅವನ ಹುಡ್ ನನ್ನ ಓಟಿಗೆ ತಂದರೆ ದುಡ್ಡು ದಂಡ. ನನ್ನ ಕ್ಯಾಪ್ ಅವನಲ್ಲಿಗೆ ಹೋದರೆ ಬ್ಯಾಚೇ ದಂಡ.

ಸ್ಟೋರ್ ಮಾಡುವುದರಲ್ಲೂ ಒಮ್ಮೆ ಎಡವಿದೆ. ಪೆಟ್ಟಿಗೆಗಳನ್ನು ಬಿಸಿಲು ಬೀಳುವ ಕಿಟಕಿ ಪಕ್ಕ ಪೇರಿಸಿದ್ದೆ. ಬೇಸಿಗೆ ಕಳೆಯುವಷ್ಟರಲ್ಲಿ ಎಲಾಸ್ಟಿಕ್ ಎಲ್ಲ ಹಳೇ ರಬ್ಬರ್ ಬ್ಯಾಂಡ್ ಹಾಗೆ ಪಟ್ ಅಂತ ತುಂಡು. ಈಗ ಬಿಸಿಲು ತಾಗದ ಕಪಾಟಿನಲ್ಲಿ. ಬಳಸಿದ್ದು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ. ಊಟಕ್ಕೆ ಹೊರಗೆ ಹೋಗಿ ಅದೇ ಕ್ಯಾಪಿನಲ್ಲಿ ವಾಪಸ್ ಬರುವವರನ್ನು ಬಾಗಿಲಲ್ಲೇ ನಿಲ್ಲಿಸುತ್ತೇನೆ.

ಈಗ ಒಂದು ಕ್ಯಾಪ್‌ಗೆ 1 ರೂಪಾಯಿ 60 ಪೈಸೆ ಬೀಳುತ್ತೆ. ಸ್ಟೋರ್ ಸರ್ ಮೊದಲು ಗೊಣಗಿದರು. 90 ಪೈಸೆಯ 100ರ ಪ್ಯಾಕೆಟ್ ಒಂದನ್ನು ಅವರ ಎದುರೇ ಎಣಿಸಿದೆ, 94 ಇತ್ತು. ಆಮೇಲೆ ಸುಮ್ನಾದರು. ಮೊನ್ನೆ ಹೊಸ ಲಾಟ್ ಬಂತು. ಹತ್ತು ಚೌಕ ಕತ್ತರಿಸಿ, ಲಕೋಟೆಗೆ ಹಾಕಿ, ಆ ಜಡೆಯ ಹುಡುಗಿಯನ್ನೇ ಮಂಡಿಪೇಟೆಗೆ ಕಳಿಸಿದೆ. ಅರ್ಧ ಗಂಟೆಗೆ ಫೋನ್ ಬಂತು.

"ಮೇಡಂ, 1.98. ಅಜ್ಜ ಚಹಾ ಕುಡಿದು ಹೋಗು ಅಂತಿದ್ದಾರೆ, ಕುಡೀಲಾ?"

ಕುಡಿದು ಬಾ ಅಂದೆ. ಬಿಲ್‌ಗೆ ಸಹಿ ಹಾಕಿದೆ.