ವಿಷ ಕೊಟ್ಟ ಮೇಲೆ ನೆಲನೆಲ್ಲಿ: ನನ್ನ ಅನುಭವ

"ಲಿವರ್ ಕೆಡೋಕೆ ಶುರುವಾದ ಮೇಲೆ ಸೊಪ್ಪಿನ ಸಾರ ಏನು ಮಾಡೀತು?" ಇಲಿಗಳಿಗೆ ಮೊದಲು ಪ್ಯಾರಾಸಿಟಮಾಲ್ ಕೊಟ್ಟು, ಆಮೇಲೆ ನೆಲನೆಲ್ಲಿ ಸಾರ ಕೊಟ್ಟು ನೋಡುತ್ತೇನೆ ಅಂದಾಗ ಲ್ಯಾಬಿನಲ್ಲಿ ಎಲ್ಲರೂ ಇದನ್ನೇ ಕೇಳಿದರು. ವಾರವಿಡೀ ಸಾರ ಕುಡಿಸಿ, ಕೊನೆಗೆ ಲಿವರ್ ಕೆಡಿಸುವಷ್ಟು ಪ್ಯಾರಾಸಿಟಮಾಲ್ ಕೊಡುವುದು ರೂಢಿ. ನಾನೂ ಎರಡು ವರ್ಷ ಹಾಗೇ ಮಾಡಿದೆ. ಲಿವರ್ ಕೆಟ್ಟಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಕಿಣ್ವ ಚೆನ್ನಾಗಿ ಇಳಿಯುತ್ತಿತ್ತು, ಖುಷಿಯಾಗಿದ್ದೆ.

ಆ ಖುಷಿ ಕೆಡಿಸಿದ್ದು ಡಿಎಂಎಸ್‌ಒ ಅನ್ನೋ ದ್ರಾವಕ. ಸಾರ ನೀರಿಗೆ ಕರಗಲಿಲ್ಲ ಅಂತ ಅದನ್ನು ಬಳಸಿದ್ದೆ. ಸಾರವೇ ಇಲ್ಲದೆ ಬರೀ ಡಿಎಂಎಸ್‌ಒ ಕೊಟ್ಟ ಇಲಿಗಳ ಲಿವರ್ ಕೂಡ ನೆಟ್ಟಗಿತ್ತು! ಪ್ಯಾರಾಸಿಟಮಾಲನ್ನು ವಿಷ ಮಾಡುವ ಸಿವೈಪಿ2ಇ1 ಕಿಣ್ವವನ್ನೇ ಅದು ತಡೆಯುತ್ತದಲ್ವಾ. ಹತ್ತಿರ ಹತ್ತಿರ 40 ಇಲಿ, ಮೂರು ತಿಂಗಳು, ಪರೀಕ್ಷೆಯ ಕಿಟ್‌ಗೆ ಇಟ್ಟಿದ್ದ ಹಣದಲ್ಲಿ ಅರ್ಧ, ಎಲ್ಲಾ ಹೋಯಿತು. ಎಥಿಕ್ಸ್ ಕಮಿಟಿ ಮುಂದೆ ಮತ್ತೆ ಇಲಿ ಕೇಳಲು ನಿಂತಾಗ ತುಂಬಾ ಸಂಕಟವಾಯಿತು. ನನ್ನ ಸಾರವೂ ಇಷ್ಟು ದಿನ ಇದೇ ಕೆಲಸ ಮಾಡುತ್ತಿತ್ತೇನೋ ಅನ್ನೋ ಅನುಮಾನ ಬೇರೆ.

ಹಾಗಾಗಿ ಕ್ರಮವನ್ನೇ ತಿರುಗಿಸಿದೆ. ಮೊದಲು ಪ್ಯಾರಾಸಿಟಮಾಲ್, ಒಂದೂವರೆ ಗಂಟೆ ಬಿಟ್ಟು ಸಾರ. ಅಷ್ಟರಲ್ಲಿ ಇಲಿಯಲ್ಲಿ ಅದು ವಿಷವಾಗುವ ಕೆಲಸ ಬಹುಪಾಲು ಮುಗಿದಿರುತ್ತದೆ.

ಮೊದಲ ಸಲ ಬರೀ ಪ್ಯಾರಾಸಿಟಮಾಲ್ ಕೊಟ್ಟ ವಿಷದ ಗುಂಪೇ ಕೈಕೊಟ್ಟಿತು. ಒಂದು ಇಲಿಗೆ ಎಸ್‌ಜಿಪಿಟಿ 400, ಪಕ್ಕದ್ದಕ್ಕೆ 6000. ಅದನ್ನು ಕರಗಿಸಿದ ಸಲೈನ್ (ಉಪ್ಪುನೀರು) ತಣ್ಣಗಾದರೆ ಪ್ಯಾರಾಸಿಟಮಾಲ್ ಹರಳುಗಟ್ಟಿ ತಳಕ್ಕೆ ಕೂರುತ್ತದೆ. ಮೊದಲ ಇಲಿಗೆ ಒಂದು ಡೋಸ್, ಕೊನೆಯದಕ್ಕೆ ಇನ್ನೊಂದು! ಸಲೈನನ್ನು ಬೆಚ್ಚಗೇ ಇಟ್ಟೆ. ಹಿಂದಿನ ರಾತ್ರಿ ಎಲ್ಲಕ್ಕೂ ಒಂದೇ ಹೊತ್ತಿಗೆ ಆಹಾರ ತೆಗೆದೆ. ಕಿಲೋಗೆ 300 ಮಿ.ಗ್ರಾಂ. ಡೋಸ್ ಬದಲಿಸಲಿಲ್ಲ. ಆಮೇಲೆ ಆ ಗುಂಪು 4000ದಿಂದ 5000ದೊಳಗೆ ನಿಂತಿತು. ಕೆಂಪು ರಕ್ತಕಣ ಒಡೆದ ಸ್ಯಾಂಪಲ್‌ಗಳನ್ನು ಅಲ್ಲೇ ಬಿಸಾಕಿದೆ. ಅವುಗಳಲ್ಲಿ ಎಸ್‌ಜಿಒಟಿ ಅನ್ನೋ ಇನ್ನೊಂದು ಕಿಣ್ವ ಸುಮ್ನೆ ಏರಿರುತ್ತದೆ.

ಈ ಸಲ ಸಾರ ಕೊಟ್ಟ ಗುಂಪು 1800ರ ಆಸುಪಾಸು ಬಂತು. ಪ್ಯಾರಾಸಿಟಮಾಲ್ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಕೊಟ್ಟದ್ದು ಸುಮಾರು 1200. ಅಸಲಿ ಮದ್ದಿಗೆ ಒಂದು ಸೊಪ್ಪು ಇಷ್ಟು ಹತ್ತಿರ ಬಂದಿದ್ದಕ್ಕೆ ನನಗೆ ಹೆಮ್ಮೆಯಿದೆ. ಲಿವರ್ ಸ್ಲೈಡ್‌ನಲ್ಲೂ ಸೆಂಟ್ರಲ್ ವೇನ್ (ನಡುವಿನ ರಕ್ತನಾಳ) ಸುತ್ತ ಸತ್ತ ಜಾಗ ಅರ್ಧಕ್ಕಿಂತ ಕಡಿಮೆ. ಬೇಡ ಅಂದಿದ್ದವರಲ್ಲಿ ಇಬ್ಬರು ಈಗ ಇದೇ ಕ್ರಮ ಹಿಡಿದಿದ್ದಾರೆ. ಡಿಎಂಎಸ್‌ಒ ಇಲ್ಲದೆ ಸಾರವನ್ನು ಹೇಗೆ ಕರಗಿಸಿದೆ ಅನ್ನೋದು ಮಾತ್ರ ಪೇಪರ್ ಬರುವವರೆಗೆ ನನ್ನ ಹತ್ತಿರವೇ ಇರಲಿ.

ನಡುವೆ ಲ್ಯಾಬಿನಲ್ಲಿ ಬೆಳೆಸುವ ಹೆಪ್‌ಜಿ2 ಅನ್ನೋ ಮನುಷ್ಯರ ಲಿವರ್ ಜೀವಕೋಶಗಳ ಮೇಲೂ ಕೈ ಹಾಕಿದ್ದೆ. ಬದುಕಿರುವ ಜೀವಕೋಶ ಎಂಟಿಟಿ ಅನ್ನೋ ಬಣ್ಣದ ವಸ್ತುವನ್ನು ನೇರಳೆ ಮಾಡುತ್ತದೆ; ಆ ಪರೀಕ್ಷೆಯಲ್ಲಿ ತಟ್ಟೆಯ ಬಾವಿಗಳೆಲ್ಲ (ಪುಟ್ಟ ಗುಳಿಗಳು) ಗಾಢ ನೇರಳೆ. ಯಾಕೋ ಜಾಸ್ತಿಯಾಯಿತು ಅನ್ನಿಸಿ ಜೀವಕೋಶವೇ ಇಲ್ಲದ ಬಾವಿಗೆ ಸಾರ ಹಾಕಿದೆ. ಅದೂ ನೇರಳೆ! ಸಾರವೇ ಎಂಟಿಟಿಯನ್ನು ಬಣ್ಣಕ್ಕೆ ತಿರುಗಿಸುತ್ತಿತ್ತು. ಈ ಖಾಲಿ ಬಾವಿ ಇಡದೆ ಬಂದ ಅಂಕಿಗಳನ್ನು ನಾನಂತೂ ನಂಬುವುದಿಲ್ಲ.

ಈಗ ಎಷ್ಟು ತಡವಾಗುವವರೆಗೆ ಸಾರ ಕೆಲಸ ಮಾಡುತ್ತದೆ ಅಂತ ನೋಡುತ್ತಿದ್ದೇನೆ. ಆರು ಗಂಟೆ ಬಿಟ್ಟು ಕೊಟ್ಟರೆ ಏನೂ ಆಗಲಿಲ್ಲ. ಮೂರು ಗಂಟೆಯ ಗುಂಪಿನ ಸ್ಲೈಡ್‌ಗಳಿಗೆ ಇನ್ನೂ ಬಣ್ಣ ಹಾಕಬೇಕು.